ಕಿರುತೆರೆಯ ಮಕ್ಕಳು, ನಮ್ಮೂರ ತಾಲೀಮು

ಹಾಲುಹಲ್ಲು ಇನ್ನೂ ಪೂರ್ತಿ ಬೀಳದ ಹುಡುಗನೊಬ್ಬ ಟಿ.ವಿ.ಯಲ್ಲಿ ದುರ್ಯೋಧನನಾಗಿ ನಿಂತಿದ್ದ. ಕಿರೀಟ ಹುಬ್ಬಿನವರೆಗೆ ಜಾರಿತ್ತು. ಅಂಟಿಸಿದ ಮೀಸೆಯ ಒಂದು ತುದಿ ಬೆವರಿಗೆ ಎದ್ದು ಬಂದಿತ್ತು. ಆದರೂ ಅಷ್ಟುದ್ದದ ಮಾತನ್ನು ಎಲ್ಲೂ ಎಡವದೆ ಎತ್ತಿ, ಕೊನೆಯ ಅಕ್ಷರವನ್ನೂ ಬಿಡದೆ ಇಳಿಸಿದ. ಕೊಟ್ಟೂರಿನ ಮನೆಯ ಪಡಸಾಲೆಯಲ್ಲಿ ಕೂತು ನೋಡುತ್ತಿದ್ದ ನಮ್ಮ ದೊಡ್ಡವ್ವ ಚಪ್ಪಾಳೆ ತಟ್ಟಲಿಲ್ಲ. ‘ಮಾತು ನುಂಗಲಿಲ್ಲ ನೋಡಪಾ ಹುಡುಗ’ ಎಂದಳು. ಗಳಿಗೆ ಬಿಟ್ಟು, ‘ಯಾರು ಕಲಿಸ್ಯಾರ ಇದಕ್ಕ?’ ಎಂದು ಕೇಳಿದಳು.

ಆ ಪ್ರಶ್ನೆಗೆ ಟಿ.ವಿ.ಯಲ್ಲಿ ಉತ್ತರ ಬರಲಿಲ್ಲ. ಹುಡುಗನ ತಂದೆ ಏನು ಕೆಲಸ ಮಾಡುತ್ತಾರೆ, ಮನೆಯ ಮಾಳಿಗೆ ಎಲ್ಲಿ ಸೋರುತ್ತದೆ, ತಾಯಿ ಯಾವಾಗ ಅತ್ತರು ಎಂಬುದೆಲ್ಲ ಬಂತು. ಹಿನ್ನೆಲೆಯಲ್ಲಿ ಪಿಟೀಲು ಅಳುತ್ತಿತ್ತು. ತೀರ್ಪುಗಾರರು ಕಣ್ಣೊರೆಸಿಕೊಂಡರು, ನಾವೂ ಒರೆಸಿಕೊಂಡೆವು. ಆದರೆ ಆ ಮಾತಿನ ಏರಿಳಿತವನ್ನು ಹುಡುಗನ ಬಾಯಿಗೆ ಕೂರಿಸಿದವರು ಯಾರು, ಎಷ್ಟು ದಿನ ಕೂರಿಸಿದರು, ಗದೆ ಹಿಡಿದಾಗ ಎಡಗಾಲು ಮುಂದಿರಬೇಕೆಂದು ಹೇಳಿಕೊಟ್ಟವರು ಯಾರು ಎಂಬುದು ಕೊನೆಯವರೆಗೂ ತಿಳಿಯಲಿಲ್ಲ. ಮಕ್ಕಳ ಪ್ರತಿಭಾ ಸ್ಪರ್ಧೆಗಳನ್ನು ಪ್ರೀತಿಯಿಂದ ನೋಡುವ ನನಗೆ ಅವುಗಳ ಮೇಲೆ ಇರುವ ದೊಡ್ಡ ದೂರು ಇದೊಂದೇ. ಮಗು ಎಷ್ಟು ಕಷ್ಟದಿಂದ ಬಂದಿದೆ ಎಂದು ಅವು ವಿವರವಾಗಿ ಹೇಳುತ್ತವೆ, ಎಷ್ಟು ಕಷ್ಟಪಟ್ಟು ಕಲಿತಿದೆ ಎಂದು ಹೇಳುವುದಿಲ್ಲ.

ಕಲಿಸಿದವರು ಯಾರೆಂದು ಕೇಳುವುದು ನಮ್ಮ ಸೀಮೆಯವರಿಗೆ ರೂಢಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳು 2021ರಲ್ಲಿ ಹೊಸಪೇಟೆಯ ಜೊತೆ ಸೇರಿ ವಿಜಯನಗರ ಜಿಲ್ಲೆಯಾದವು. ಅದಕ್ಕೆ ಮುಂಚೆ ಎಲ್ಲವೂ ಬಳ್ಳಾರಿಯವೇ. ಹರಪನಹಳ್ಳಿ ಮಾತ್ರ 1997ರಲ್ಲಿ ದಾವಣಗೆರೆಗೆ ಸೇರಿ, ಎರಡು ದಶಕ ಕಳೆದ ಮೇಲೆ ಮರಳಿ ಬಳ್ಳಾರಿಗೆ ಬಂದಿತ್ತು. ಮಳೆ ಕೈಕೊಟ್ಟರೆ ಗುಳೆ ಹೋಗುವ ಊರುಗಳು ಇವು. ಆದರೂ ನಾಟಕವೆಂದರೆ ಇಲ್ಲಿ ಹಬ್ಬ. ಕೊಟ್ಟೂರೇಶ್ವರನ ತೇರು ಬಂತೆಂದರೆ ಕಂಪನಿಯವರ ತಗಡಿನ ಥೇಟರು ಏಳುತ್ತಿತ್ತು. ಸುಗ್ಗಿ ಮುಗಿದ ಮೇಲೆ ಹಳ್ಳಿ ಹಳ್ಳಿಯಲ್ಲೂ ಹುಡುಗರು ಸೇರಿ ನಾಟಕ ಕಲಿಯುತ್ತಾರೆ. ಪೇಟಿ ಮಾಸ್ತರು ಬಂದು ಗುಡಿಯ ಕಟ್ಟೆಯ ಮೇಲೆ ತಿಂಗಳುಗಟ್ಟಲೆ ತಾಲೀಮು ತೆಗೆಯುತ್ತಾರೆ. ಹೆಣ್ಣು ಪಾತ್ರಗಳಿಗೆ ಮರಿಯಮ್ಮನಹಳ್ಳಿಯಿಂದ ಕಲಾವಿದೆಯರು ಬರುತ್ತಾರೆ. ಹೀಗೆ ನಾಟಕವನ್ನೇ ನಂಬಿ ಬದುಕಿದ ಮನೆಗಳಿರುವ ಊರು ಮರಿಯಮ್ಮನಹಳ್ಳಿ.

ತಾಲೀಮು ನೋಡಿದವರಿಗೆ ಗೊತ್ತು, ಅಲ್ಲಿ ಮೊದಲ ಪಾಠ ಅಭಿನಯದ್ದಲ್ಲ, ಉಸಿರಿನದ್ದು. ಮೈಕು ಇಲ್ಲದ ಕಾಲದಿಂದ ಬಂದ ಕಟ್ಟುಪಾಡು ಅದು: ಕೊನೆಯ ಸಾಲಿನಲ್ಲಿ ಚಾಪೆ ಹಾಸಿಕೊಂಡು ಕೂತವನಿಗೂ ಮಾತಿನ ಕೊನೆಯ ಅಕ್ಷರ ಮುಟ್ಟಬೇಕು. ಹುಡುಗ ಮಾತು ನುಂಗಿದರೆ ಮಾಸ್ತರು ಪೇಟಿ ನಿಲ್ಲಿಸುತ್ತಾರೆ, ಮತ್ತೆ ಮೊದಲಿನಿಂದ ಹೇಳಿಸುತ್ತಾರೆ. ಹಾಡಿಗೆ ಬಂದರೆ ಶ್ರುತಿ ಹಿಡಿಯುವವರೆಗೆ ಮುಂದಿನ ಸಾಲಿಲ್ಲ. ನಾಟಕದ ರಾತ್ರಿ ತೀರ್ಪು ಕೊಡುವವರು ಎದುರಿಗೆ ಕೂತ ಜನ. ಹಾಡು ಹಿಡಿಸಿದರೆ ‘ವನ್ಸ್ ಮೋರ್’ ಕೂಗುತ್ತಾರೆ. ಪಾತ್ರ ಹಿಡಿಸಿದರೆ ಎದ್ದು ಬಂದು ಪಾತ್ರಧಾರಿಯ ಎದೆಗೆ ನೋಟು ಸಿಕ್ಕಿಸುತ್ತಾರೆ, ಕೊಟ್ಟವರ ಹೆಸರು ಮೈಕಿನಲ್ಲಿ ಕೂಗಿಸುತ್ತಾರೆ. ಎಸ್ಸೆಮ್ಮೆಸ್ಸು, ಆ್ಯಪು ಬರುವುದಕ್ಕೆ ಎಷ್ಟೋ ಮುಂಚೆ ನಮ್ಮವರು ಹೀಗೆ ಓಟು ಹಾಕುತ್ತಿದ್ದರು. ಆ ಕಣ್ಣಿನಿಂದಲೇ ಇವತ್ತು ಟಿ.ವಿ. ನೋಡುತ್ತಾರೆ.

ಜೀ ಕನ್ನಡದಲ್ಲಿ ‘ಡ್ರಾಮಾ ಜೂನಿಯರ್ಸ್’ ಶುರುವಾದದ್ದು 2016ರಲ್ಲಿ. ಹಿಂದಿಯಲ್ಲಿ 2013ರಲ್ಲಿ ಬಂದಿದ್ದ ‘ಇಂಡಿಯಾಸ್ ಬೆಸ್ಟ್ ಡ್ರಾಮೆಬಾಜ್’ ಜಾಡಿನದು. ತೀರ್ಪುಗಾರರ ಕುರ್ಚಿಗಳಲ್ಲಿ ಹಿರಿಯ ನಟಿ ಲಕ್ಷ್ಮಿ, ನಿರ್ದೇಶಕ ಟಿ.ಎನ್. ಸೀತಾರಾಂ ಮತ್ತು ನಟ ವಿಜಯ ರಾಘವೇಂದ್ರ. ನಿರೂಪಣೆಗೆ ಮಾಸ್ಟರ್ ಆನಂದ್. ವೇದಿಕೆಯ ಆಚೆಗೊಬ್ಬರು ಈಚೆಗೊಬ್ಬರು ಬಾಲನಟರಾಗಿದ್ದವರು ಎಂಬುದು ನನಗೆ ಮೊದಲ ದಿನದಿಂದಲೂ ಹಿಡಿಸಿತ್ತು. ಆನಂದ್ ಅವರನ್ನು ‘ಗೌರಿ ಗಣೇಶ’ದ ತುಂಟ ಹುಡುಗನಾಗಿ ನೋಡಿ ನಕ್ಕವರು ನಾವು. ವಿಜಯ ರಾಘವೇಂದ್ರ ‘ಚಿನ್ನಾರಿ ಮುತ್ತ’ನಾಗಿದ್ದವರು. ಅದಾದ ಮೇಲೆ ಅವರಿಗೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ತಂದುಕೊಟ್ಟದ್ದು ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶಿಸಿದ, 1994ರ ‘ಕೊಟ್ರೇಶಿ ಕನಸು’.

ಆ ಚಿತ್ರದ ಕಥೆ ಕುಂ. ವೀರಭದ್ರಪ್ಪ ಅವರದು. ಕುಂವೀ ಹುಟ್ಟಿದ್ದು ಕೊಟ್ಟೂರಿನಲ್ಲಿ. ನಮ್ಮ ಕಡೆ ಕೊಟ್ರೇಶ, ಕೊಟ್ರಪ್ಪ, ಕೊಟ್ರಮ್ಮ ಇಲ್ಲದ ಬೀದಿ ಹುಡುಕಿದರೂ ಸಿಗುವುದಿಲ್ಲ. ಹೆಸರು ಕೇಳಿದರೆ ಸಾಕು, ಹುಡುಗ ಯಾವ ಸೀಮೆಯವನೆಂದು ಹೇಳಬಹುದು. ಓದಬೇಕೆಂಬ ಕನಸು ಕಟ್ಟಿಕೊಂಡ ದಲಿತ ಹುಡುಗ ಮತ್ತು ಆ ಕನಸಿಗೆ ಅಡ್ಡ ನಿಲ್ಲುವ ಊರು, ಅಷ್ಟೇ ಆ ಕಥೆಯ ತಿರುಳು. ಅದರಲ್ಲೂ ಬಡತನವಿದೆ, ಕಣ್ಣೀರಿದೆ. ಆದರೆ ಹುಡುಗ ಯಾಕೆ ಬಡವ, ಅವನ ದಾರಿಗೆ ಅಡ್ಡ ನಿಂತವರು ಯಾರು ಎಂದು ಕಥೆ ನೇರವಾಗಿ ಕೇಳುತ್ತದೆ. ನೋಡಿದವರಿಗೆ ಕೊಟ್ರೇಶಿಯ ಮೇಲೆ ಕನಿಕರ ಹುಟ್ಟುವುದಕ್ಕಿಂತ ಊರಿನ ಮೇಲೆ ಸಿಟ್ಟು ಹುಟ್ಟುತ್ತದೆ.

ಟಿ.ವಿ.ಯವರು ‘ವಿಟಿ’ ಎಂದು ಕರೆಯುವ ಕಿರು ವಿಡಿಯೋದಲ್ಲಿ ಇದಿಲ್ಲ. ಮಗು ವೇದಿಕೆಗೆ ಬರುವ ಮುಂಚೆ ಎರಡು ಮೂರು ನಿಮಿಷ ಅದು ಓಡುತ್ತದೆ. ಕ್ಯಾಮೆರಾ ತಗಡಿನ ಮನೆಯೊಳಗೆ ಹೋಗುತ್ತದೆ, ಒಲೆಯ ಮುಂದೆ ನಿಲ್ಲುತ್ತದೆ, ಅಮ್ಮನ ಮುಖಕ್ಕೆ ಹತ್ತಿರ ಬರುತ್ತದೆ. ಅಪ್ಪ ಗುಳೆ ಹೋಗಿದ್ದಾನೆಂದು ತಿಳಿಯುತ್ತದೆ, ಯಾಕೆ ಹೋದ ಎಂದು ತಿಳಿಯುವುದಿಲ್ಲ. ಮುಂದಿನ ವಾರ ಶಾಲೆಗೆ ಹೋದಾಗ ಆ ಮಗುವನ್ನು ಜೊತೆಯ ಹುಡುಗರು ಏನೆಂದು ಕರೆಯುತ್ತಾರೆ ಎಂಬ ಯೋಚನೆ ಯಾರಿಗೂ ಬಂದಂತೆ ಕಾಣುವುದಿಲ್ಲ. ಮನೆಯ ಕಷ್ಟವನ್ನು ಹತ್ತು ಜನರ ಮುಂದೆ ಹೇಳಿಕೊಳ್ಳಬಾರದೆಂದು ನಮ್ಮ ತಾಯಂದಿರು ಕಲಿಸಿದ್ದರು. ಲಕ್ಷಗಟ್ಟಲೆ ಜನರ ಮುಂದೆ ಹೇಳಿಕೊಳ್ಳಲು ಆ ಮಗುವಿನ ಒಪ್ಪಿಗೆ ಇತ್ತೋ ಇಲ್ಲವೋ. ಎಂಟು ವರ್ಷದ ಮಗುವಿಗೆ ಒಪ್ಪಿಗೆ ಎಂದರೆ ಏನೆಂದು ತಿಳಿದಿರುತ್ತದೆಯೇ?

ಹಾಗೆಂದು ಈ ಕಾರ್ಯಕ್ರಮಗಳು ಮಾಡಿದ ಒಳ್ಳೆಯದನ್ನು ಮರೆಯಬಾರದು. ಬೆಂಗಳೂರು, ಮೈಸೂರಿನ ಕನ್ನಡ ಬಿಟ್ಟರೆ ಬೇರೆ ಕನ್ನಡವನ್ನು ಹಾಸ್ಯಕ್ಕಷ್ಟೇ ಬಳಸುತ್ತಿದ್ದ ಕಿರುತೆರೆಯಲ್ಲಿ, ಗದಗ ಕೊಪ್ಪಳ ಬಳ್ಳಾರಿ ಕಡೆಯ ಮಕ್ಕಳು ತಮ್ಮ ಮನೆಮಾತಿನಲ್ಲೇ ಅಳಿಸಿದರು, ಸಿಟ್ಟು ಮಾಡಿದರು, ರಾಜನಾಗಿ ನಿಂತು ಅಬ್ಬರಿಸಿದರು. ‘ಹಂಗ್ಯಾಕ ಮಾಡಾಕತ್ತೀಯವ್ವಾ’ ಎಂಬ ಮಾತು ಕೇಳಿ ಇಡೀ ಕರ್ನಾಟಕ ನಗದೆ ಸುಮ್ಮನೆ ಕೂತು ಕೇಳಿದ್ದು ಸಣ್ಣ ಸಂಗತಿಯಲ್ಲ. ಮಕ್ಕಳಿಗೆ ಸ್ಕಿಟ್ ಕಟ್ಟಿಸುವ ಮೆಂಟರುಗಳಲ್ಲಿ ರಂಗಭೂಮಿಯಿಂದ ಹೋದವರು ಇದ್ದಾರೆ. ಅವರ ಕೈಗುಣ ನೋಡುವ ಕಣ್ಣಿಗೆ ಕಾಣುತ್ತದೆ. ಐದಾರು ದಿನದಲ್ಲಿ ಒಂದು ಸ್ಕಿಟ್ ಬರೆದು, ಕಲಿಸಿ, ವೇಷ ಹಾಕಿ, ಬೆಳಕಿಗೆ ಸರಿಯಾಗಿ ನಿಲ್ಲಿಸುವುದು ಕಠಿಣ ಕೆಲಸ. ಆದರೆ ಅವರ ಮುಖ ನಮಗೆ ಕಾಣುವುದು ಫಿನಾಲೆಯ ದಿನ, ಗುಂಪಿನಲ್ಲಿ ಒಮ್ಮೆ.

ಪಾತ್ರಗಳ ಬಗ್ಗೆ ನನಗೊಂದು ತಕರಾರಿದೆ. ಕಂಪನಿ ನಾಟಕಗಳಲ್ಲಿ ಮಕ್ಕಳಿಗೆ ಮಕ್ಕಳ ಪಾತ್ರವೇ ಸಿಗುತ್ತಿತ್ತು. ಪ್ರಹ್ಲಾದ, ಧ್ರುವ, ಬಾಲಕೃಷ್ಣ, ‘ಸತ್ಯ ಹರಿಶ್ಚಂದ್ರ’ದ ಲೋಹಿತಾಶ್ವ. ಸ್ಮಶಾನದ ದೃಶ್ಯದಲ್ಲಿ ತಾಯಿಯ ಮಡಿಲಲ್ಲಿ ಅಲುಗಾಡದೆ ಮಲಗುವುದೇ ಲೋಹಿತಾಶ್ವನ ಪಾತ್ರದ ಕಷ್ಟ. ಸೊಳ್ಳೆ ಕಚ್ಚಿದರೂ ಕದಲುವಂತಿಲ್ಲ. ಇವತ್ತಿನ ಸ್ಕಿಟ್‌ಗಳಲ್ಲಿ ಏಳು ವರ್ಷದ ಹುಡುಗ ಕುಡಿದು ಬಂದ ಗಂಡನಾಗುತ್ತಾನೆ, ಆರು ವರ್ಷದ ಹುಡುಗಿ ಅವನ ಮೇಲೆ ಸಂಶಯಪಡುವ ಹೆಂಡತಿಯಾಗುತ್ತಾಳೆ. ಎರಡರ್ಥದ ಮಾತು ಬಂದಾಗ ದೊಡ್ಡವರು ಬಿದ್ದು ಬಿದ್ದು ನಗುತ್ತಾರೆ. ತಾನು ಆಡಿದ್ದರ ಅರ್ಥ ಗೊತ್ತಿಲ್ಲದ ಮಗು ಆ ನಗುವನ್ನು ನೋಡಿ ತಾನೂ ನಗುತ್ತದೆ. ನೋಡಲಾಗುವುದಿಲ್ಲ.

ಅದೇ ಮಗು ದುರ್ಯೋಧನನಾದರೆ, ರಾವಣನಾದರೆ, ಕಿತ್ತೂರು ಚೆನ್ನಮ್ಮನಾದರೆ ನನಗೆ ಖುಷಿ. ದೊಡ್ಡವರ ಪಾತ್ರವಲ್ಲವೇ ಅದೂ ಎಂದು ಕೇಳಬಹುದು. ದುರ್ಯೋಧನ ನಮ್ಮಲ್ಲಿ ಯಾರ ಅಳತೆಗೂ ಸಿಗದ ಪಾತ್ರ. ಬಯಲಾಟದಲ್ಲಿ ಐವತ್ತು ವರ್ಷದ ಗಟ್ಟಿಗನಿಗೂ ಅದಕ್ಕೆ ಏರಬೇಕಾದರೆ ಉಸಿರು ಬೇಕು, ನೆನಪು ಬೇಕು. ಬಳ್ಳಾರಿಯ ಸುಭದ್ರಮ್ಮ ಮನ್ಸೂರು ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯಲ್ಲಿ ದ್ರೌಪದಿಯಾಗಿ ನಿಂತರೆ ಎದುರಿಗೆ ಕೂತವರ ಮೈ ನಡುಗುತ್ತಿತ್ತು ಎಂದು ನೋಡಿದವರು ಹೇಳುತ್ತಾರೆ. ಅಂಥ ಪಾತ್ರಕ್ಕೆ ಏರಲು ಹೊರಟ ಮಗು ತನ್ನ ಗಂಟಲು, ಬೆನ್ನು, ನೆನಪು ಮೂರನ್ನೂ ಬೆಳೆಸಿಕೊಳ್ಳುತ್ತದೆ. ಕುಡುಕ ಗಂಡನ ಪಾತ್ರದಿಂದ ಅದಕ್ಕೆ ಸಿಗುವುದು ತೂರಾಡುವ ನಡಿಗೆಯೊಂದೇ.

ಹಾಡಿನ ಕಡೆಗೆ ಬಂದರೆ, ಮಾದರಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಈಟಿವಿ ಕನ್ನಡದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ‘ಎದೆ ತುಂಬಿ ಹಾಡುವೆನು’ ನಡೆಸಿಕೊಟ್ಟರಲ್ಲ, ಅದು ನನ್ನ ಮಟ್ಟಿಗೆ ಇವತ್ತಿಗೂ ಅಳತೆಗೋಲು. ಹಾಡು ಶುರುವಾಗುವ ಮುಂಚೆ ಬರೆದವರು ಯಾರು, ರಾಗ ಹಾಕಿದವರು ಯಾರು ಎಂಬ ಮಾತು ಅಲ್ಲಿ ಬರುತ್ತಿತ್ತು. ಹಾಡು ಮುಗಿದ ಮೇಲೆ ಎಸ್‌ಪಿಬಿ ಮೊದಲು ಮೆಚ್ಚುತ್ತಿದ್ದರು. ಆಮೇಲೆ ತಪ್ಪಿದ ಜಾಗವನ್ನು ತಾವೇ ಹಾಡಿ ತೋರಿಸುತ್ತಿದ್ದರು. ಮಹಾಪ್ರಾಣ ಬಿಟ್ಟುಹೋದ ಅಕ್ಷರ, ತುಸು ಇಳಿದ ಸ್ವರ, ತಪ್ಪು ಜಾಗದಲ್ಲಿ ಎಳೆದ ಉಸಿರು. ಮಗು ಎರಡನೆಯ ಸಲ ಹಾಡುತ್ತಿತ್ತು, ಸರಿಯಾಗುತ್ತಿತ್ತು. ಮನೆಯಲ್ಲಿ ಕೂತ ನಾವೂ ಆ ವಾರ ಏನಾದರೊಂದು ಕಲಿತಿರುತ್ತಿದ್ದೆವು. ಮಗು ಕುಗ್ಗದಂತೆ ತಪ್ಪು ಹೇಳುವ ಆ ಕಲೆ ಎಸ್‌ಪಿಬಿಯವರಿಗೆ ಸಹಜವಾಗಿತ್ತು. 2020ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಮೇಷ್ಟ್ರೊಬ್ಬರನ್ನು ಕಳೆದುಕೊಂಡ ಸಂಕಟವಿತ್ತು.

ಈಚಿನ ವರ್ಷಗಳ ತೀರ್ಪುಗಾರರು ಕಲಿಸಲಾರದವರೇನಲ್ಲ. ‘ಸರಿಗಮಪ’ದಲ್ಲಿ ಮಹಾಗುರುವಾಗಿ ಕೂತ ಹಂಸಲೇಖ, ತೀರ್ಪುಗಾರರಾದ ವಿಜಯ್ ಪ್ರಕಾಶ್, ರಾಜೇಶ್ ಕೃಷ್ಣನ್, ಅರ್ಜುನ್ ಜನ್ಯ ಎಲ್ಲರೂ ತಮ್ಮ ವಿದ್ಯೆಯಲ್ಲಿ ಪಳಗಿದವರು. ಒಂದೊಂದು ಸಲ ಅವರು ಬಾಯಿಬಿಟ್ಟು ಪಾಠ ಹೇಳಿದಾಗ ಮೈ ಜುಮ್ಮೆನ್ನುತ್ತದೆ. ಆದರೆ ಅಂಥ ಮಾತಿಗೆ ಉಳಿಯುವ ಸಮಯವೇ ಕಡಿಮೆ. ‘ಸೂಪರ್’, ‘ಬೆಂಕಿ’, ಎದ್ದು ನಿಂತು ಚಪ್ಪಾಳೆ, ಆಮೇಲೆ ಜಾಹೀರಾತು. ಎಲ್ಲ ಮಕ್ಕಳನ್ನೂ ಒಂದೇ ಮಟ್ಟದಲ್ಲಿ ಹೊಗಳಿ ಕೊನೆಗೆ ಒಬ್ಬರನ್ನು ಮನೆಗೆ ಕಳಿಸಿದರೆ, ತಾನು ಯಾಕೆ ಹೊರಬಿದ್ದೆ ಎಂಬುದು ಆ ಮಗುವಿಗೆ ಹೇಗೆ ತಿಳಿಯಬೇಕು?

2018ರಿಂದ 2019ರವರೆಗೆ ನಡೆದ ‘ಸರಿಗಮಪ’ 15ನೇ ಆವೃತ್ತಿ ನಮ್ಮ ಸೀಮೆಗೆ ಹತ್ತಿರದ್ದು. ಹಡಗಲಿಯಿಂದ ತುಂಗಭದ್ರೆ ದಾಟಿದರೆ ಹಾವೇರಿ ಜಿಲ್ಲೆ. ಅಲ್ಲಿ ಸವಣೂರು ತಾಲ್ಲೂಕಿನ ಚಿಲ್ಲೂರು ಬಡ್ನಿ ತಾಂಡಾದ ಹನುಮಂತ, ಕುರಿ ಕಾಯುತ್ತಿದ್ದ ಯುವಕ, ಪಂಚೆಯುಟ್ಟು ವೇದಿಕೆಗೆ ಬಂದು ಜನಪದ ಹಾಡಿದಾಗ ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ತಾಂಡಾಗಳಲ್ಲಿ ಆದ ಸಂಭ್ರಮವನ್ನು ಕಣ್ಣಾರೆ ಕಂಡಿದ್ದೇನೆ. ಆ ವರ್ಷ ಗೆದ್ದವರು ಕೀರ್ತನ್ ಹೊಳ್ಳ, ಹನುಮಂತ ಎರಡನೆಯವರಾದರು. ಮುಂದೆ 2025ರಲ್ಲಿ ‘ಬಿಗ್ ಬಾಸ್’ 11ನೇ ಆವೃತ್ತಿಯನ್ನು ಗೆದ್ದರು. ಅವರನ್ನು ಮೆಚ್ಚಿದವರು ‘ಪಾಪದ ಹುಡುಗ’ ಎಂದರು, ‘ಮುಗ್ಧ’ ಎಂದರು. ಕುರಿಗಳ ಹಿಂದೆ ಗಂಟೆಗಟ್ಟಲೆ ಬಯಲಿಗೆ ಎದೆಯೊಡ್ಡಿ ಹಾಡಿದ ಗಂಟಲಿನ ಕಸುವು ಎಂಥದು, ತಾಂಡಾದಲ್ಲಿ ಹಾಡು ಒಬ್ಬರಿಂದ ಒಬ್ಬರಿಗೆ ಹೇಗೆ ದಾಟುತ್ತದೆ ಎಂಬ ಮಾತು ಮಾತ್ರ ಹೆಚ್ಚು ಬರಲಿಲ್ಲ. ಮುಗ್ಧತೆಯಿಂದ ಯಾರೂ ಹಾಡುಗಾರರಾಗುವುದಿಲ್ಲ.

ಕಲಿಕೆಯ ಆ ದಾರಿಗಳು ನಮ್ಮಲ್ಲಿ ಗಟ್ಟಿಯಾಗಿವೆ. ಮರಿಯಮ್ಮನಹಳ್ಳಿಯಲ್ಲಿ ನೆಲೆಸಿರುವ ಮಾತಾ ಮಂಜಮ್ಮ ಜೋಗತಿ, ಕಾಳವ್ವ ಜೋಗತಿಯ ಬೆನ್ನು ಹತ್ತಿ ಊರೂರು ತಿರುಗಿ ಜೋಗತಿ ನೃತ್ಯ ಕಲಿತವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರು ರಾಷ್ಟ್ರಪತಿಯವರಿಗೆ ಸೆರಗಿನಿಂದ ದೃಷ್ಟಿ ತೆಗೆದ ಕ್ಷಣವನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಿತು. ಆ ಕ್ಷಣದ ಹಿಂದೆ ದಶಕಗಳ ತಿರುಗಾಟವಿತ್ತು. ಹೊಳೆಯಾಚೆ ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದರು. ಆಶ್ರಮದ ಖರ್ಚು ನಿಭಾಯಿಸಲು ನಾಟಕ ಕಂಪನಿಯನ್ನೇ ಕಟ್ಟಿದರು. ಹಡಗಲಿಯಲ್ಲಿ ವಕೀಲರಾಗಿದ್ದು ಮುಂದೆ ಉಪಮುಖ್ಯಮಂತ್ರಿಯೂ ಆದ ಎಂ.ಪಿ. ಪ್ರಕಾಶ್ ಅಲ್ಲಿ ‘ರಂಗಭಾರತಿ’ ಕಟ್ಟಿದರು. ರಾಜಕಾರಣದ ಗದ್ದಲದ ನಡುವೆಯೂ ನಾಟಕ ಬಿಡದ ಮನುಷ್ಯ. 2011ರಲ್ಲಿ ಅವರು ತೀರಿಕೊಂಡ ಮೇಲೆ ಈ ಸೀಮೆಯಲ್ಲಿ ರಂಗಭೂಮಿಯ ಪರವಾಗಿ ಅಷ್ಟು ಗಟ್ಟಿಯಾಗಿ ನಿಲ್ಲುವ ಮತ್ತೊಬ್ಬ ರಾಜಕಾರಣಿ ಸಿಕ್ಕಿಲ್ಲ.

ಮಗುವನ್ನು ಟಿ.ವಿ. ಸ್ಪರ್ಧೆಗೆ ಕಳಿಸಬೇಕೆಂದಿರುವ ತಂದೆತಾಯಿಗಳು ಒಂದಿಷ್ಟು ಕಾನೂನು ತಿಳಿದಿರಬೇಕು. ನಮ್ಮೂರುಗಳಿಂದ ಬೆಂಗಳೂರು ಮುನ್ನೂರು ಕಿಲೋಮೀಟರ್ ಆಜುಬಾಜು. ಮಗು ಗೆಲ್ಲುತ್ತಾ ಹೋದಂತೆ ತಾಯಿ ಅಥವಾ ತಂದೆ ಕೆಲಸ ಬಿಟ್ಟು ಅಲ್ಲೇ ಉಳಿಯಬೇಕಾಗುತ್ತದೆ. ಬಾಲಕಾರ್ಮಿಕ ನಿಷೇಧ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, 2017ರಲ್ಲಿ ನಿಯಮಗಳು ಬಂದವು. ಮಕ್ಕಳು ಕಲಾವಿ­ದರಾಗಿ ದುಡಿಯಲು ಅವಕಾಶವಿದೆ, ಆದರೆ ಷರತ್ತುಗಳಿವೆ. ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಯಿಂದ ಕಾರ್ಯಕ್ರಮದವರು ಅನುಮತಿ ಪಡೆಯಬೇಕು. ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಒಂದೇ ಸಮನೆ 27 ದಿನ ಮೀರುವಂತಿಲ್ಲ. ಐದು ಮಕ್ಕಳಿಗೊಬ್ಬರಂತೆ ನೋಡಿಕೊಳ್ಳುವವರು ಇರಬೇಕು. ಓದು ನಿಲ್ಲಬಾರದು. ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇ 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೆ ಠೇವಣಿ ಇಡಬೇಕು. ಮಗುವಿನ ಮನಸ್ಸಿಗೆ ವಿರುದ್ಧವಾಗಿ ವೇದಿಕೆ ಹತ್ತಿಸುವಂತಿಲ್ಲ. ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ ಇವೆಲ್ಲ ಇವೆಯೇ ಎಂದು ಕೇಳುವುದು ತಂದೆತಾಯಿಗಳ ಹಕ್ಕು. ಕೇಳಲು ಸಂಕೋಚವೇನೂ ಬೇಡ.

ಈ ನಿಯಮಗಳು ಸುಮ್ಮನೆ ಹುಟ್ಟಿದವಲ್ಲ. 2008ರಲ್ಲಿ ಬಂಗಾಳಿ ವಾಹಿನಿಯೊಂದರ ನೃತ್ಯಸ್ಪರ್ಧೆಯಲ್ಲಿ ತೀರ್ಪುಗಾರರ ಕಟುಮಾತು ಕೇಳಿದ ಹದಿಹರೆಯದ ಹುಡುಗಿಯೊಬ್ಬಳು ಮಾತು ಕಳೆದುಕೊಂಡಳೆಂದು ಮನೆಯವರು ಹೇಳಿದ್ದರು. ಅವಳನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆತರಲಾಗಿತ್ತು. ಆಗ ದೇಶದ ತುಂಬ ಎದ್ದ ಚರ್ಚೆಯ ನಂತರ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಮಾರ್ಗಸೂಚಿ ಸಿದ್ಧಪಡಿಸಿತು. 2019ರಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ, ನೃತ್ಯ ಕಾರ್ಯಕ್ರಮಗಳಲ್ಲಿ ಮಕ್ಕಳನ್ನು ದೊಡ್ಡವರಂತೆ ಕುಣಿಸುವುದರ ಬಗ್ಗೆ ವಾಹಿನಿಗಳಿಗೆ ಎಚ್ಚರಿಕೆ ಹೇಳಬೇಕಾಯಿತು. ಇಷ್ಟರ ಮೇಲೂ ಮನೆಗೆ ಹೋಗುವ ಮಗುವಿನ ಅಳುವನ್ನು ಹತ್ತಿರದಿಂದ ತೋರಿಸಿ, ಅದನ್ನೇ ಮುಂದಿನ ವಾರದ ಪ್ರೋಮೊ ಮಾಡುವ ಚಾಳಿ ನಿಂತಿಲ್ಲ. ಅದು ನಿಲ್ಲಬೇಕು. ವಾಹಿನಿಯವರು ಮನಸ್ಸು ಮಾಡಿದರೆ ಬಡತನದ ವಿಟಿಯ ಜಾಗದಲ್ಲಿ ತಾಲೀಮಿನ ವಿಟಿ ತೋರಿಸಬಹುದು. ಅದೇ ಎರಡು ಮೂರು ನಿಮಿಷ ಸಾಕು: ಊರಿನ ಪೇಟಿ ಮಾಸ್ತರು, ಶಾಲೆಯ ಟೀಚರು, ಹಾಡು ಹೇಳಿಕೊಟ್ಟ ಅಜ್ಜಿ, ಸೆಟ್ಟಿನಲ್ಲಿ ಸ್ಕಿಟ್ ಕಟ್ಟಿಸಿದ ಮೆಂಟರು. ಇದನ್ನೂ ಜನ ನೋಡುತ್ತಾರೆ. ನಮ್ಮ ಸೀಮೆಯವರು ಖಂಡಿತ ನೋಡುತ್ತಾರೆ.

ನೋಡುವ ನಮ್ಮ ಮೇಲೂ ಒಂದು ಹೊಣೆಯಿದೆ. ಟಿ.ವಿ.ಯ ಮಗುವಿಗೆ ಓಟು ಹಾಕಲು ರಾತ್ರಿ ಕಾದು ಕೂರುವ ನಾವು, ಶಿಕ್ಷಣ ಇಲಾಖೆ ಪ್ರತಿವರ್ಷ ನಡೆಸುವ ಪ್ರತಿಭಾ ಕಾರಂಜಿಗೆ ಹೋಗುವುದಿಲ್ಲ. ಕ್ಲಸ್ಟರಿನಿಂದ ಶುರುವಾಗಿ ತಾಲ್ಲೂಕು, ಜಿಲ್ಲೆ, ರಾಜ್ಯದವರೆಗೆ ಹೋಗುವ ಸ್ಪರ್ಧೆ ಅದು. ಕಂಠಪಾಠ, ಛದ್ಮವೇಷ, ಭಾವಗೀತೆ, ಜನಪದ ನೃತ್ಯ, ಮಿಮಿಕ್ರಿ ಎಲ್ಲವೂ ಇರುತ್ತವೆ. ಶಾಮಿಯಾನದ ಕೆಳಗೆ ಕೂತವರೆಂದರೆ ಸರದಿ ಕಾಯುವ ಮಕ್ಕಳು, ಅವರನ್ನು ಬಸ್ಸು ಹತ್ತಿಸಿಕೊಂಡು ಬಂದ ಶಿಕ್ಷಕರು, ಬಿಸಿಯೂಟದ ತಾಯಂದಿರು. ಕೈಯಿಂದ ದುಡ್ಡು ಹಾಕಿ ವೇಷದ ಬಟ್ಟೆ ಹೊಲಿಸಿದ, ಸಂಜೆ ಶಾಲೆ ಬಿಟ್ಟ ಮೇಲೆ ಹಾಡು ಹೇಳಿಸಿದ ಟೀಚರುಗಳು ಅಲ್ಲಿರುತ್ತಾರೆ. ಊರಿನ ದೊಡ್ಡವರು ಉದ್ಘಾಟನೆಯ ದೀಪ ಹಚ್ಚಿ ಎದ್ದು ಹೋಗಿರುತ್ತಾರೆ.

ಈ ವರ್ಷ ನಿಮ್ಮ ತಾಲ್ಲೂಕಿನ ಪ್ರತಿಭಾ ಕಾರಂಜಿ ಎಂದು, ಎಲ್ಲಿ ಎಂದು ಹತ್ತಿರದ ಶಾಲೆಯಲ್ಲಿ ಕೇಳಿಕೊಳ್ಳಿ. ಅರ್ಧ ದಿನ ಬಿಡುವು ಮಾಡಿಕೊಂಡು ಹೋಗಿ, ಮುಂದಿನ ಸಾಲಿನಲ್ಲಿ ಕೂತು, ಕೊನೆಯ ಮಗು ಇಳಿಯುವವರೆಗೆ ನೋಡಿ. ಹಿಡಿಸಿದರೆ ವನ್ಸ್ ಮೋರ್ ಕೂಗಿ.